ತಂತಿ ಮೊದಲು, ಪೆಟ್ಟಿಗೆ ಆಮೇಲೆ

ಅವರ ಬಲಗೈ ಮಣಿಕಟ್ಟಿನ ಮೇಲೆ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಇತ್ತು. ಕೈ ತಿರುಗಿಸಿದಾಗಲೆಲ್ಲ ಅದು ಚರ್ಮದಡಿಯಲ್ಲಿ ಸ್ವಲ್ಪ ಜರುಗುತ್ತಿತ್ತು. ಅವರನ್ನು ಮೊದಲು ಕಂಡ ದಿನ ನನ್ನ ಕಣ್ಣಿಗೆ ಬಿದ್ದದ್ದು ಮಡಚಿದ ಬಿಳಿ ಅಂಗಿತೋಳಿನ ಕೆಳಗಿದ್ದ ಆ ಗಂಟೇ. ಗಂಟು ಎಂಬ ಮಾತು ಕೇಳಿದರೇ ನಾನು ಹೆದರುತ್ತಿದ್ದ ಕಾಲ ಅದು.

ನನ್ನ ಗಂಟು ಕೊರಳಿನಲ್ಲಿತ್ತು. ಥೈರಾಯ್ಡ್ ಗ್ರಂಥಿಯಲ್ಲಿ ಬೆಳೆದು ದನಿಯ ನರವನ್ನು ಸುತ್ತಿಕೊಂಡಿತ್ತು. ಗಂಟು ತೆಗೆಯಬೇಕಾದರೆ ನರವನ್ನೂ ಬಿಟ್ಟುಕೊಡಬೇಕಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು ನಾನು. ಕೊನೆಯ ಬೆಂಚಿಗೂ ಕೇಳುವಂತೆ ಪದ್ಯ ಓದುವುದು ನನ್ನ ಹೆಮ್ಮೆಯಾಗಿತ್ತು. ಈಗ ಬಾಯಿಂದ ಬರಿಯ ಉಸಿರು ಬರುತ್ತಿತ್ತು. ಫ್ಯಾನು ತಿರುಗುತ್ತಿದ್ದರೆ ಅದೂ ಕೇಳುತ್ತಿರಲಿಲ್ಲ. ಫೋನಿನಲ್ಲಿ ಆ ಕಡೆಯವರು "ಹಲೋ, ಹಲೋ, ನೆಟ್‌ವರ್ಕ್ ಇಲ್ಲ" ಎಂದು ಇಟ್ಟುಬಿಡುತ್ತಿದ್ದರು. ಮನೆಯಲ್ಲಿ ನಾನು ಮಾತು ಶುರು ಮಾಡುತ್ತಿದ್ದಂತೆ ಗಂಡನೋ ಮಗಳೋ ಅದನ್ನು ತಾವೇ ಮುಗಿಸುತ್ತಿದ್ದರು. ನನಗೆ ತ್ರಾಸವಾಗದಿರಲಿ ಎಂಬ ಪ್ರೀತಿಯಿಂದಲೇ. ಆದರೆ ಅವರು ಮುಗಿಸಿದ್ದು ನಾನು ಹೇಳಹೊರಟದ್ದಾಗಿರುತ್ತಿರಲಿಲ್ಲ. ತಿದ್ದುವುದಕ್ಕೆ ಮತ್ತೆ ಉಸಿರು ಖರ್ಚು ಮಾಡಬೇಕು. ಕ್ರಮೇಣ ಮಾತು ಶುರು ಮಾಡುವುದನ್ನೇ ಬಿಟ್ಟೆ. ಶಾಲೆಯವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ, ಲೈಬ್ರರಿಗೆ ಹಾಕಿದರು. ಮಾತಾಡಬೇಡಿ ಎಂಬ ಫಲಕದ ಕೆಳಗೇ ನನ್ನ ಕುರ್ಚಿ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಮಾತಿನ ತರಬೇತಿಗೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿನ ಕೌಂಟರಿನ ಹುಡುಗಿಗೆ ಏನೋ ಕೇಳುತ್ತಿದ್ದೆ. ಕಾಯುವವರ ಗದ್ದಲ, ಟಿವಿ, ಮಕ್ಕಳ ಅಳು. "ಡಾಕ್ಟರ್ ಬರ್ತಾರೆ, ಕೂತ್ಕೊಳ್ಳಿ" ಎಂದು ಅವಳು ಪ್ರತಿಸಲವೂ ಅದನ್ನೇ ಹೇಳುತ್ತಿದ್ದಳು. ಆಗ ಹಿಂದಿನ ಬೆಂಚಿನಿಂದ ಒಬ್ಬ ವಯಸ್ಸಾದವರು ಎದ್ದು ಬಂದರು. "ಡಾಕ್ಟರ್ ಬಗ್ಗೆ ಅಲ್ಲಮ್ಮ ಅವರು ಕೇಳ್ತಿರೋದು. ಹೋದ ಸಲ ಕೊಟ್ಟ ರಿಪೋರ್ಟು ಇಲ್ಲೇ ಉಳ್ಕೊಂಡಿದೆಯಾ ಅಂತ" ಎಂದರು.

ನಾನು ಕೇಳಿದ್ದು ಅದನ್ನೇ. ಅಷ್ಟು ದೂರದಿಂದ ನಿಮಗೆ ಹೇಗೆ ಕೇಳಿಸಿತು ಎಂದು ಆಮೇಲೆ ಅವರ ಪಕ್ಕ ಕುಳಿತು ಕೇಳಿದೆ. ನಾನು ಉಸಿರು ಎಳೆದುಕೊಂಡು ಕೊನೆಯ ಪದ ಹೇಳುವ ತನಕ ಅವರು ಕಾದರು. ತುಟಿ ನೋಡಲಿಲ್ಲ, ನೆಲ ನೋಡುತ್ತ ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಕೇಳಿದರು.

"ಸಿಗ್ನಲ್ ಸಣ್ಣದು, ಅಷ್ಟೇ" ಎಂದರು. "ಇಲ್ಲವೇ ಇಲ್ಲ ಅನ್ನೋಕಾಗಲ್ಲ."

ಅವರ ಇನ್ನೊಂದು ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅವರ ಹೆಂಡತಿ ಕುಳಿತಿದ್ದರು. ಪಾರ್ಶ್ವವಾಯು ಹೊಡೆದು ಬಲಭಾಗ ಸೋತಿತ್ತು, ಮಾತು ಹೋಗಿತ್ತು. ಉಳಿದದ್ದು ಉರ್ದುವಿನ ಒಂದೇ ಪದ, "ಚಲೋ", ನಡಿ ಎಂದು. ನೀರು ಬೇಕಾದರೂ ಚಲೋ, ನೋವಾದರೂ ಚಲೋ, ಯಾರಾದರೂ ಬಂದರೂ ಚಲೋ. ಆ ಒಂದು ಪದದ ಏರಿಳಿತದಿಂದಲೇ ಅವರು ಅರ್ಥ ಮಾಡಿಕೊಂಡು ನೀರು ಕುಡಿಸುತ್ತಿದ್ದರು, ಕಾಲು ಸರಿಪಡಿಸುತ್ತಿದ್ದರು.

ಹೀಗೆ ಪರಿಚಯವಾದವರು ನಮ್ಮ ಮನೆಯಲ್ಲಿ "ರೇಡಿಯೋ ಸಾಹೇಬರು" ಆದರು. ಆರ್.ಟಿ. ನಗರದಲ್ಲಿ ಅವರ ಮನೆ. ಆಯುಷ್ಯದ ಬಹುಭಾಗವನ್ನು ಸರಕು ಸಾಗಿಸುವ ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿ ಕಳೆದವರು. ಚುಕ್ಕೆ ಮತ್ತು ಗೆರೆಗಳ ಮೋರ್ಸ್ ಸಂಕೇತದಲ್ಲಿ ದಡಕ್ಕೂ ಬೇರೆ ಹಡಗುಗಳಿಗೂ ಸುದ್ದಿ ಕಳಿಸುವುದು ಅವರ ಕೆಲಸ. ಮಣಿಕಟ್ಟಿನ ಗಂಟು ಆ ಕೆಲಸದ್ದೇ. ಉಪಗ್ರಹಗಳು ಬಂದ ಮೇಲೆ ಹಡಗಿಗೆ ಅಂಥವರು ಬೇಡವಾದರು. ಊರಿಗೆ ಬಂದು ಮನೆಯ ಒಂದು ಕೋಣೆಯಲ್ಲಿ ಹವ್ಯಾಸಿ ರೇಡಿಯೋ ಇಟ್ಟುಕೊಂಡು ದಿನಾ ಬೆಳಿಗ್ಗೆ ದೇಶ ದೇಶದವರೊಡನೆ ಅದೇ ಸಂಕೇತದಲ್ಲಿ ಮಾತಾಡುತ್ತಿದ್ದರು.

ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಗಡಿಯಾರದ ಮುಳ್ಳು ಕಾಲಿಗೆ ಬಂದಾಗ, ಮುಕ್ಕಾಲಿಗೆ ಬಂದಾಗ, ಮಾತಿನ ನಡುವೆಯೇ ಸುಮ್ಮನಾಗಿಬಿಡುತ್ತಿದ್ದರು. ಒಂದೆರಡು ಸಲ ನನಗೆ ಬೇಸರವಾಯಿತು, ನನ್ನ ಉಸಿರುಮಾತು ಸಾಕಾಯಿತೇನೋ ಎಂದು. ಅದನ್ನು ಅವರೇ ಗ್ರಹಿಸಿ ಹೇಳಿದರು. ಅವರ ಕಾಲದಲ್ಲಿ ಸಮುದ್ರದ ಮೇಲಿದ್ದ ಹಡಗುಗಳೆಲ್ಲ ಗಂಟೆಗೆ ಎರಡು ಸಲ ಮೂರು ಮೂರು ನಿಮಿಷ ಕಳಿಸುವುದನ್ನು ನಿಲ್ಲಿಸಿ ಬರೀ ಕೇಳಬೇಕಿತ್ತು. ಮುಳುಗುತ್ತಿರುವವರ ಕರೆ ಎಷ್ಟೇ ಕ್ಷೀಣವಾಗಿದ್ದರೂ ಕೇಳಿಸಲಿ ಎಂದು. ರೇಡಿಯೋ ಕೋಣೆಯ ಗಡಿಯಾರದಲ್ಲಿ ಆ ನಿಮಿಷಗಳಿಗೆ ಕೆಂಪು ಬಳಿದಿರುತ್ತಿತ್ತಂತೆ. ಒಮ್ಮೆ ಅರಬ್ಬೀ ಸಮುದ್ರದಲ್ಲಿ ಹಾಗೆ ಕೇಳುತ್ತ ಕುಳಿತಾಗ ಒಂದು ಸಣ್ಣ ಹಡಗಿನ ಕರೆ ಅವರಿಗೆ ಸಿಕ್ಕಿತು. ಬ್ಯಾಟರಿ ಇಳಿದುಹೋಗಿದ್ದ ರೇಡಿಯೋ ಅದು. ಇವರ ಹಡಗು ದಿಕ್ಕು ಬದಲಿಸಿ ಹೋಯಿತು, ಅಲ್ಲಿದ್ದವರು ಬದುಕಿದರು.

"ನಾನೇನೂ ಮಾಡ್ಲಿಲ್ಲ ಟೀಚರ್" ಎಂದರು. "ಎಲ್ರೂ ಸುಮ್ನಿದ್ರು. ಅದಕ್ಕೆ ಕೇಳ್ತು."

ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ನಾನು ಇನ್ನೊಮ್ಮೆ ಕೇಳಿದಾಗ ಬೇರೆ ಮಾತು ತೆಗೆದರು.

ಮೋರ್ಸ್ ಕಲಿಯಿರಿ ಎಂದು ಅವರು ನನ್ನನ್ನು ಒತ್ತಾಯಿಸಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಬೆರಳಿನಿಂದ ನನ್ನ ಹೆಸರನ್ನು ತಟ್ಟಿ ತೋರಿಸಿದರು, ಅಷ್ಟೇ. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ನಾನೂ ತಟ್ಟಿ ನೋಡಿದೆ. ಮುಂದಿನ ವಾರ ನಾನೇ ಕೇಳಿದೆ. ಆಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ಕೊಡಿಗೇಹಳ್ಳಿಯಿಂದ ಬಸ್ಸು ಹಿಡಿದು ಅವರ ಮನೆಗೆ ಹೋಗತೊಡಗಿದೆ. ಅವರು ಒಂದು ಸಣ್ಣ ಬಜರ್ ಇಟ್ಟುಕೊಂಡು ಕಲಿಸುತ್ತಿದ್ದರು. ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಇರುತ್ತಿದ್ದರು. ನಾನು ತಪ್ಪಿದಾಗ ಸಾಹೇಬರು ಎಂದೂ ಮಧ್ಯೆ ಬಾಯಿ ಹಾಕಲಿಲ್ಲ. ತಪ್ಪನ್ನು ನಾನೇ ಕೇಳಿಸಿಕೊಳ್ಳುವ ತನಕ ಕಾಯುತ್ತಿದ್ದರು.

ಸ್ವಂತ ರೇಡಿಯೋ ಇಡಲು ಬೇಕಾದ ಸರ್ಕಾರದ ಪರೀಕ್ಷೆ ಬರೆದು ಪಾಸಾದೆ. ಪರವಾನಗಿಗೆ ಮೊದಲು ವಿಚಾರಣೆಗೆ ಬಂದ ಪೊಲೀಸಿನವರು, "ರೇಡಿಯೋದಲ್ಲಿ ಏನ್ ಮಾತಾಡ್ತೀರಾ ಮೇಡಂ?" ಎಂದು ಕೇಳಿದರು. ನಾನು ಪಿಸುಗುಟ್ಟಿದ್ದು ಅವರಿಗೆ ಕೇಳಲಿಲ್ಲ. ನನ್ನ ಗಂಡ ಬಾಯಿ ತೆರೆದರು, ಆಮೇಲೆ ನನ್ನ ಕಡೆ ಕೈ ತೋರಿಸಿದರು. ಬಂದವರು ನನ್ನ ಕೊರಳಿನ ಹೊಲಿಗೆಯ ಗೆರೆಯನ್ನು ನೋಡಿದರು, ಮತ್ತೇನೂ ಕೇಳದೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು.

ಪರವಾನಗಿ ಕೈಗೆ ಬಂದ ಮೇಲೆ ಮನೆಗೊಂದು ರೇಡಿಯೋ ಆರಿಸುವ ಪ್ರಶ್ನೆ. ನನ್ನ ಗಂಡನಿಗೆ ಹಾರ್ಡ್‌ವೇರ್ ಅಂಗಡಿ. ಸಾಮಾನು ಎಂದರೆ ಅವರಿಗೆ ಉತ್ಸಾಹ. ನನ್ನ ಆಪರೇಷನ್ ಆದಾಗಿನಿಂದ ನನಗಾಗಿ ಏನಾದರೂ ದೊಡ್ಡದು ಮಾಡಬೇಕೆಂಬ ತಹತಹವೂ ಇತ್ತು. ಸಾಹೇಬರು ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಗಂಡ ಮೊಬೈಲಿನಲ್ಲಿ ಒಂದು ರೇಡಿಯೋದ ಚಿತ್ರ ತೋರಿಸಿದರು.

"ತಗೊಳ್ಳೋದೇ ಆದ್ರೆ ಒಳ್ಳೇದೇ ತಗೊಳ್ಳೋಣ ಸರ್. ನೂರು ವಾಟ್ಸಿಂದು, ಬಣ್ಣದ ಸ್ಕ್ರೀನ್ ಇರೋದು."

ಸಾಹೇಬರು ಚಿತ್ರವನ್ನು ಮರ್ಯಾದೆಯಿಂದ ಪೂರ್ತಿ ನೋಡಿದರು. "ಚೆನ್ನಾಗಿದೆ. ಆದ್ರೆ ಇವರು ಯಾರ ಹತ್ರ ಮಾತಾಡ್ಬೇಕು, ಎಷ್ಟು ದೂರ, ಯಾವ ಹೊತ್ನಲ್ಲಿ, ಅದು ನಮಗಿನ್ನೂ ಗೊತ್ತಿಲ್ವಲ್ಲ. ಅದು ಗೊತ್ತಿಲ್ದೆ ತಂದ್ರೆ ಶೋಕೇಸಿಗೆ ಹೋಗುತ್ತೆ. ತಂತಿ ಮೊದಲು, ಪೆಟ್ಟಿಗೆ ಆಮೇಲೆ."

ತಂತಿ ಎಂದರೆ ಆಂಟೆನಾ. ದುಡ್ಡಿದ್ದವರು ದೊಡ್ಡ ಪೆಟ್ಟಿಗೆ ತಂದು ಕಿಟಕಿಗೆ ಗೇಣುದ್ದ ತಂತಿ ಕಟ್ಟಿ, ಯಾರೂ ಸಿಗುವುದಿಲ್ಲ ಎಂದು ಮೂಲೆಗಿಟ್ಟದ್ದನ್ನು ಅವರು ಬಹಳ ನೋಡಿದ್ದರು. ಆದರೆ ತಂತಿಗೂ ಮೊದಲು ಅವರು ಮಾಡಿದ ಕೆಲಸ ಬೇರೆ. ಬ್ಯಾಗಿನಿಂದ ಒಂದು ಸಣ್ಣ ಟ್ರಾನ್ಸಿಸ್ಟರ್ ತೆಗೆದು, "ಮನೆ ಏನು ಹೇಳುತ್ತೆ ಕೇಳೋಣ" ಎಂದು ಕೋಣೆಯಿಂದ ಕೋಣೆಗೆ ನಡೆದರು. ನಾವು ಹಿಂದೆ ಹಿಂದೆ. ಮಲಗುವ ಕೋಣೆಯ ಹೊಸ ದೀಪದ ಹತ್ತಿರ ಅದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಯುಪಿಎಸ್ ಹತ್ತಿರ ಕರಕರ. ಮಗಳ ಮೊಬೈಲ್ ಚಾರ್ಜರಿನ ಹತ್ತಿರ ಸೀಟಿ. ನಾನು ಮೌನವೆಂದು ತಿಳಿದಿದ್ದ ಮನೆ ಅಷ್ಟೊಂದು ಗಲಾಟೆ ಮಾಡುತ್ತಿತ್ತು. ಕೊನೆಗೆ ಮಹಡಿ ಮೆಟ್ಟಿಲ ತುದಿಯಲ್ಲಿ, ಹಳೆಯ ಪಾತ್ರೆ ತುಂಬಿದ್ದ ಪುಟ್ಟ ಕೋಣೆಯಲ್ಲಿ ಆ ಸದ್ದೆಲ್ಲ ಇಳಿದು, ಎಲ್ಲೋ ದೂರದ ಯಾವುದೋ ಭಾಷೆಯ ವಾರ್ತೆ ತಿಳಿಯಾಗಿ ಕೇಳಿತು.

"ನಿಮ್ಮ ಜಾಗ ಇದು" ಎಂದರು.

ತಂತಿಗೆ ನಮ್ಮ ತಾರಸಿ ಸಾಲಲಿಲ್ಲ. ಒಂದು ತುದಿಯನ್ನು ಪಕ್ಕದ ಮನೆಯ ತೆಂಗಿನಮರಕ್ಕೆ ಕಟ್ಟಬೇಕಿತ್ತು. ಆ ಮನೆಯವರು ಕೊಡಿಗೇಹಳ್ಳಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿರುವವರು. ಹೊಲವಿದ್ದ ಕಡೆ ಮಕ್ಕಳು ಅಪಾರ್ಟ್‌ಮೆಂಟು ಕಟ್ಟಿದ್ದಾರೆ. ಹಿರಿಯ ಅಮ್ಮ ಮಾತ್ರ ಆ ಹಳೆಯ ಮನೆ, ಆ ಮರ ಬಿಟ್ಟು ಕದಲಿಲ್ಲ. ಕಾಂಪೌಂಡಿನ ಆಚೆಯಿಂದ ನಮ್ಮ ಅಳತೆಗಳನ್ನೆಲ್ಲ ನೋಡುತ್ತಿದ್ದ ಆಕೆ ಕೇಳಿದರು:

"ಏನ್ ಸಾಬ್ರೇ, ಇಂಗೆ ತಂತಿ ಕಟ್ಟುದ್ರೆ ಸಿಡ್ಲು ನಮ್ ಮರಕ್ಕೆ ಒಡ್ಯಾಕಿಲ್ವಾ? ನಮ್ ಮಾವ ನೆಟ್ಟಿದ್ ಮರ ಇದು."

ನನ್ನ ಗಂಡ "ಏನೂ ಆಗಲ್ಲ ಬಿಡಿ ಅಮ್ಮ" ಎನ್ನುವವರಿದ್ದರು. ಸಾಹೇಬರು ಅವರ ತೋಳು ಮುಟ್ಟಿ ತಡೆದು, ಕಾಂಪೌಂಡಿನ ಹತ್ತಿರ ಹೋಗಿ ನಿಂತರು.

"ಭಯ ಸರಿಯಾಗೇ ಇದೆ ಅಮ್ಮ. ತಂತಿ ಇರಲಿ ಇಲ್ದಿರಲಿ, ಮರಕ್ಕೆ ಹೊಡೆಯೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ. ಮರಕ್ಕೆ ಬರೀ ಹಗ್ಗ ಬರುತ್ತೆ, ತಂತಿ ಅಷ್ಟು ದೂರದಲ್ಲೇ ನಿಲ್ಲುತ್ತೆ. ಇಲ್ಲಿ ನೆಲದಲ್ಲಿ ತಾಮ್ರ ಹೂತು ಅರ್ತ್ ಮಾಡ್ತೀವಿ. ಮೋಡ ಕಟ್ಟಿದ್ರೆ ಟೀಚರ್ ಬಿಚ್ಚಿಡ್ತಾರೆ. ನೀವು ಬೇಡ ಅಂದ್ರೆ ಕಟ್ಟಲ್ಲ."

ಆಕೆ ನನ್ನ ಕಡೆ ಕೈ ತೋರಿಸಿದರು. "ಇದ್ರಲ್ಲಿ ಈವಮ್ಮ ಮಾತಾಡ್ತದಾ?"

"ಮಾತಾಡ್ತಾರೆ."

"ಅಂಗಾದ್ರೆ ಕಟ್ಕಳಿ. ಮರಕ್ಕೆ ಮೊಳೆ ಮಾತ್ರ ಒಡೀಬ್ಯಾಡಿ."

ಮೊಳೆ ಹೊಡೆಯಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಮರಕ್ಕೆ ಸುತ್ತಿ ಅದರ ಮೇಲೆ ನೈಲಾನ್ ಹಗ್ಗ ಕಟ್ಟಿದೆವು. ಗಾಳಿಗೆ ಮರ ತೂಗಿದರೂ ತಂತಿ ಹರಿಯದಂತೆ ಸಡಿಲ ಬಿಟ್ಟದ್ದು ನನ್ನ ಗಂಡನ ಉಪಾಯ. ಪಿವಿಸಿ ಪೈಪಿನ ತುಂಡುಗಳನ್ನು ಕೊಯ್ದು ತೂತು ಕೊರೆದು ತಂತಿಯ ತುದಿಗಳಿಗೆ ಹಾಕಿದ್ದೂ ಅವರೇ. ಆವತ್ತು ಸಂಜೆ ಅವರ ಮುಖ ನೋಡಿ, ಇಷ್ಟು ತಿಂಗಳಿಂದ ಅವರಿಗೆ ನನಗಾಗಿ ಮಾಡಲು ಒಂದು ಕೆಲಸ ಬೇಕಿತ್ತು ಎಂದು ನನಗೆ ತಿಳಿಯಿತು.

ಪೆಟ್ಟಿಗೆ ಬಂದದ್ದು ಅದಾದ ಮೇಲೆ. ಯಲಹಂಕದಲ್ಲಿದ್ದ ಸಾಹೇಬರ ಸ್ನೇಹಿತರೊಬ್ಬರಿಂದ ಸಿಕ್ಕ ಹಳೆಯ ಸೆಟ್ಟು, ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮೈಕಿನ ಜಾಗವೇ ಇಲ್ಲದ, ಮೋರ್ಸ್‌ಗೆ ಮಾತ್ರ ಮಾಡಿದ ಸೆಟ್ಟು. ಶಕ್ತಿ ಬಹಳ ಕಡಿಮೆ. ಅದಕ್ಕೆ ಕರೆಂಟು ಕೊಡುವ ಸಾಧನ ಮಾತ್ರ ಒಂದೇ ಕೈಯಲ್ಲಿ ಎತ್ತಲಾಗದಷ್ಟು ಭಾರ. ಹಗುರವಾದವು ಸಿಗುತ್ತವೆ, ಆದರೆ ಗುಂಯ್‌ಗುಡುತ್ತವೆ ಎಂದು ಬೇಡವೆಂದರು. ಜೊತೆಗೊಂದು ಮೀಟರು: ನಾವು ಕಳಿಸಿದ್ದರಲ್ಲಿ ಎಷ್ಟು ಹೊರಟಿತು, ಎಷ್ಟು ತಂತಿಯಿಂದಲೇ ಹಿಂದಕ್ಕೆ ಬಂತು ಎಂದು ತೋರಿಸುವಂಥದ್ದು. ಹಿಂದಕ್ಕೆ ಬರುವುದು ಕಡಿಮೆಯಾಗುವ ತನಕ ತಂತಿಯ ಎರಡು ತುದಿಗಳನ್ನೂ ಬೆರಳಷ್ಟು ಬೆರಳಷ್ಟೇ ಕತ್ತರಿಸುತ್ತ ಹೋದರು.

ಕೊನೆಗೆ ಉಳಿದದ್ದು ಕೀ, ಬೆರಳಿನಿಂದ ಒತ್ತಿ ಅಕ್ಷರ ಕಳಿಸುವ ಸಾಧನ. ಅವರ ಹತ್ತಿರ ಹಲವಿದ್ದವು. ಎಲ್ಲವನ್ನೂ ಬಟ್ಟೆಯ ಮೇಲೆ ಹರಡಿ, ಕಣ್ಣು ಮುಚ್ಚಿ ಒಂದೊಂದರಲ್ಲೂ ನಿಮ್ಮ ಹೆಸರು ಕಳಿಸಿ ನೋಡಿ ಎಂದರು. ಅವುಗಳಲ್ಲೊಂದು ಅವರು ಹಡಗಿನಲ್ಲಿ ಬಳಸಿದ ಹಿತ್ತಾಳೆಯ ಕೀ. ನಾನು ಕಣ್ಣು ತೆರೆದು ಅದನ್ನೇ ತೋರಿಸಿದೆ.

ಅವರು ತಲೆಯಾಡಿಸಿದರು. "ಬೇಡ. ಅದು ನನ್ನ ಕೈಗೆ ಪಳಗಿದೆ. ನೀವು ಅದರಲ್ಲಿ ಎಳೀತಿದ್ರಿ. ಆ ಕಪ್ಪು ಬುಡದ್ದರಲ್ಲಿ ಸರಾಗ ಇತ್ತು. ಪ್ರೀತಿಗೆ ಅಂತ ತಗೋಬೇಡಿ ಟೀಚರ್, ಕೈಗೆ ತಗೊಳ್ಳಿ."

ನನಗೆ ಆಗ ಸ್ವಲ್ಪ ನೋವಾಯಿತು. ಈಗ ಪ್ರತಿದಿನ ಆ ಕಪ್ಪು ಬುಡದ ಕೀ ಮೇಲೆ ಕೈಯಿಟ್ಟಾಗ ಅವರು ಹೇಳಿದ್ದೇ ಸರಿ ಎನಿಸುತ್ತದೆ.

ಒಂದು ಶನಿವಾರ ಮಧ್ಯಾಹ್ನ, ಮೆಟ್ಟಿಲ ತುದಿಯ ಆ ಕೋಣೆಯಲ್ಲಿ, ಯಾರಾದರೂ ಇದ್ದೀರಾ ಎಂಬ ಕರೆಯನ್ನು ಮೊದಲ ಸಲ ಕಳಿಸಿದೆ. ಸಾಹೇಬರು ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕುಳಿತಿದ್ದರು. ಉತ್ತರವಿಲ್ಲ. ಮತ್ತೆ ಕರೆದೆ. ಬರೀ ಮಳೆಯಂಥ ಸದ್ದು. ತಿರುಗಿ ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಇನ್ನೊಮ್ಮೆ ಕರೆದಾಗ ಆ ಮಳೆಯೊಳಗಿಂದ ಎಳೆಯಷ್ಟು ತೆಳ್ಳಗೆ ಪರವಾನಗಿಯ ಜೊತೆ ನನಗೆ ಕೊಟ್ಟಿದ್ದ ನನ್ನದೇ ಕರೆಗುರುತು ಹಿಂದಿರುಗಿ ಬಂತು. ಯಾರೋ ನನ್ನನ್ನು ಕರೆಯುತ್ತಿದ್ದರು.

ಕಲಿತದ್ದೆಲ್ಲ ಮರೆತುಹೋಯಿತು. ಹಿಂದೆ ಕುಳಿತವರು ಏನಾದರೂ ಹೇಳಿಕೊಡುತ್ತಾರೇನೋ ಎಂದು ಕಾದೆ, ಅವರು ಮಿಸುಕಲಿಲ್ಲ. ಆ ಕಡೆಯಲ್ಲಿದ್ದವರು ಕೊಚ್ಚಿಯ ಒಬ್ಬ ನಿವೃತ್ತ ಅಂಚೆ ನೌಕರರು. ನಾನು ತಡವರಿಸಿದ್ದನ್ನು ಗಮನಿಸಿ, ನಿಧಾನವಾಗಿ ಕಳಿಸಿ, ನನಗೆ ಅವಸರವಿಲ್ಲ ಎಂದು ಕಳಿಸಿದರು. ಆಮೇಲೆ ಕಾದರು. ನನ್ನ ಹೆಸರು, ಊರು, ನಾನು ಟೀಚರು, ಇಲ್ಲಿ ಬಿಸಿಲಿದೆ, ಇಷ್ಟನ್ನು ಕಳಿಸಿದೆ. ನಿಮ್ಮ ಮಾತು ಪೂರ್ತಿ ಕೇಳಿತು ಎಂದು ಅವರಿಂದ ಉತ್ತರ ಬಂತು.

ಆಪರೇಷನ್ ಆದ ಮೇಲೆ, ಸಾಹೇಬರನ್ನು ಬಿಟ್ಟರೆ, ನಾನು ಶುರು ಮಾಡಿದ ವಾಕ್ಯವನ್ನು ಒಬ್ಬ ಅಪರಿಚಿತರಿಗೆ ನಾನೇ ಮುಗಿಸಿ ಹೇಳಿದ್ದು ಅದೇ ಮೊದಲು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು.

ಅಂದು ಬಸ್‌ಸ್ಟಾಪಿನ ತನಕ ಜೊತೆಗೆ ನಡೆದೆ. ದಾರಿಯಲ್ಲಿ ನಾನು ಕೇಳಿದೆ, ಆಂಟಿಗೂ ಹೀಗೆಯೇ ಕಲಿಸಬಹುದಲ್ಲವೇ ಎಂದು.

"ಕಲಿಸೋಕೆ ನೋಡ್ದೆ" ಎಂದರು. "ನಿಮಗೆ ಹೋಗಿರೋದು ದನಿ. ಅವಳಿಗೆ ಮಾತೇ ಹೋಗಿದೆ ಟೀಚರ್. ಒಳಗೇ ಇಲ್ಲ. ತಟ್ಟೋಕೆ ಅವಳ ಹತ್ರ ಏನೂ ಇಲ್ಲ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅವರೇ ಹೇಳಿದರು. "ನಾನು ರಜಕ್ಕೆ ಬಂದಾಗ ಅವಳು ಬಿಡುವಿಲ್ದೆ ಮಾತಾಡ್ತಿದ್ಳು. ವರ್ಷದ್ದೆಲ್ಲ ಸೇರ್ಸಿಟ್ಕೊಂಡು. ನನಗೆ ನಿದ್ದೆ. ಆಮೇಲೆ ಕೇಳ್ತೀನಿ, ಪೂರ್ತಿ ಮನೆಗೆ ಬಂದ ಮೇಲೆ ಕೂತು ಕೇಳ್ತೀನಿ ಅಂತಿದ್ದೆ. ಬಂದೆ. ಸ್ವಲ್ಪ ದಿನಕ್ಕೇ ಹೀಗಾಯ್ತು."

ಬಸ್ಸು ಬಂತು. ಅವರು ಹತ್ತಿ ಕಿಟಕಿಯಿಂದ ಕೈ ಎತ್ತಿದರು.

ಕಳೆದ ಚಳಿಗಾಲದಲ್ಲಿ ಸಾಹೇಬರು ಹೋಗಿಬಿಟ್ಟರು. ಬೆಳಗಿನ ನಮಾಜಿಗೆ ಕೈಕಾಲು ತೊಳೆಯುತ್ತಿದ್ದಾಗ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅವರ ಮಗಳು ಫೋನ್ ಮಾಡಿ ಹೇಳಿದಾಗ ನನ್ನ ಬಾಯಿಂದ ಉಸಿರೂ ಹೊರಡಲಿಲ್ಲ. "ಅಕ್ಕ, ನೀವು ಇದ್ದೀರಾ ಅಂತ ಗೊತ್ತು. ಬನ್ನಿ" ಎಂದಳು.

ಮನೆ ತುಂಬ ಹೆಂಗಸರು. ಆಂಟಿಯ ಗಾಲಿಕುರ್ಚಿಯನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಮಯ್ಯತ್ತಿನ ಹತ್ತಿರ ನಿಲ್ಲಿಸಿದ್ದರು. ಗಂಡಸರು ಎತ್ತಿಕೊಂಡು ಹೊರಟಾಗ ಆಂಟಿ ಬಾಗಿಲ ಕಡೆ ನೋಡುತ್ತ "ಚಲೋ" ಎಂದರು. ಆಮೇಲೆ ಮೆಲ್ಲಗೆ, ಮತ್ತೆ ಮತ್ತೆ, "ಚಲೋ, ಚಲೋ". ಅದರ ಏರಿಳಿತ ತಿಳಿದವರು ಈಗ ಯಾರೂ ಇರಲಿಲ್ಲ. ನಾನು ಅವರ ಎಡಗೈ ಹಿಡಿದುಕೊಂಡು, ಅವರಾಗಿ ನಿಲ್ಲಿಸುವ ತನಕ ಕೇಳುತ್ತ ಕುಳಿತೆ.

ಮಗಳು ತಾಯಿಯನ್ನು ಹೆಬ್ಬಾಳದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ತಿಂಗಳು ಕಳೆದ ಮೇಲೆ ಒಮ್ಮೆ ನಮ್ಮ ಮನೆಗೆ ಬಂದು, "ಅಮ್ಮಿ ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕ" ಎಂದಳು. "ದಿನಾ ಬೆಳಿಗ್ಗೆ ಏನೋ ಹುಡುಕ್ತಾರೆ. ಎಲ್ಲಾ ತಂದು ತೋರಿಸ್ದೆ, ಅದಲ್ಲ ಅಂತ ಕೈ ಆಡಿಸ್ತಾರೆ. ಏನು ಅಂತ ಗೊತ್ತಾಗ್ತಿಲ್ಲ."

ಆಗಲೇ ಮೇಲಿನ ಕೋಣೆಯಲ್ಲಿ ನಾನು ಹಚ್ಚಿಟ್ಟು ಬಂದಿದ್ದ ರೇಡಿಯೋದಿಂದ ಯಾರದೋ ಚುಕ್ಕೆ ಗೆರೆಗಳ ಸದ್ದು ಮೆಟ್ಟಿಲಿಳಿದು ಬರುತ್ತಿತ್ತು. ಮಾತು ನಿಲ್ಲಿಸಿ ಅವಳು ಆ ಕಡೆ ತಲೆಯೆತ್ತಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಂಟಿ ಅಷ್ಟು ವರ್ಷ ಪ್ರತಿದಿನ ಬೆಳಿಗ್ಗೆ ಗಂಡನ ಪಕ್ಕ ಕುಳಿತು ಕೇಳುತ್ತಿದ್ದದ್ದು ಆ ಸದ್ದನ್ನೇ.

ಮರುದಿನವೇ ನನ್ನ ಗಂಡ, ನಾನು ಹೆಬ್ಬಾಳಕ್ಕೆ ಹೋದೆವು. ಈ ಸಲ ಆರಿಸಿಕೊಡುವವರು ಇರಲಿಲ್ಲ, ನಾನೇ ಆರಿಸಬೇಕಿತ್ತು. ಆಂಟಿಗೆ ಕಳಿಸುವ ಪೆಟ್ಟಿಗೆ ಬೇಡ, ಕೇಳುವ ಪೆಟ್ಟಿಗೆ ಸಾಕು. ಗುಂಡಿ ಕಡಿಮೆಯಿರಬೇಕು, ಒಂದೇ ಕೈಯಲ್ಲಿ ಹಚ್ಚುವಂತಿರಬೇಕು. ಫ್ಲ್ಯಾಟಿನ ಹೊರಗೆ ಏನೂ ಕಟ್ಟುವಂತಿಲ್ಲ ಎಂದು ಅಲ್ಲಿನ ಸಂಘದವರ ನಿಯಮ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಗುಂಟ ಕೂದಲೆಳೆಯಂಥ ತಂತಿ ಎಳೆದೆವು. ಅಡುಗೆಮನೆಯ ದೀಪವೊಂದು ಬಹಳ ಗುಂಯ್‌ಗುಟ್ಟುತ್ತಿತ್ತು. ಅದನ್ನು ನನ್ನ ಗಂಡ ಬದಲಾಯಿಸಿದರು.

ಹವ್ಯಾಸಿಗಳು ಒಬ್ಬರೇ ಪ್ರಸಾರ ಮಾಡುವಂತಿಲ್ಲ, ಇನ್ನೊಬ್ಬರೊಡನೆ ಮಾತಾಡಬೇಕು. ಅದಕ್ಕೆ ಕೊಚ್ಚಿಯ ಸ್ನೇಹಿತರಿಗೆ ವಿಷಯ ತಿಳಿಸಿದೆ. ಭಾನುವಾರ ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ನಾವಿಬ್ಬರೂ ಮಾತಾಡುತ್ತೇವೆ. ಮಳೆ, ಮೊಮ್ಮಕ್ಕಳು, ಮೀನಿನ ಸುದ್ದಿ, ನಮ್ಮ ಪಕ್ಕದ ಮನೆಯ ಅಮ್ಮನ ಮಂಡಿನೋವು. ಹೆಬ್ಬಾಳದಲ್ಲಿ ಆಂಟಿ ಕೇಳುತ್ತಾರೆ. ಆ ಹೊತ್ತಾಗುತ್ತಿದ್ದಂತೆ ಎಡಗೈಯಿಂದ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಪೆಟ್ಟಿಗೆಯ ಕಡೆ ತಿರುಗಿ ಕೂರುತ್ತಾರಂತೆ. ನಡುವೆ ಮಗಳು ತಟ್ಟೆಯಲ್ಲಿ ಏನಿಟ್ಟರೂ ತಿನ್ನುತ್ತಾರಂತೆ. ಚುಕ್ಕೆ ಗೆರೆಗಳ ಅಕ್ಷರ ಅವರಿಗೆ ಮೊದಲೂ ತಿಳಿಯುತ್ತಿರಲಿಲ್ಲ, ಈಗಂತೂ ಇಲ್ಲ. ಅದರಲ್ಲಿ ಅವರಿಗೆ ಏನು ಕೇಳುತ್ತದೆಯೋ ನಾನರಿಯೆ. ಕೊಚ್ಚಿಯವರೂ ನಾನೂ ಆ ದಿನ ಮಾತ್ರ ಸ್ವಲ್ಪ ನಿಧಾನವಾಗಿ, ಒಂದು ಅಕ್ಷರವೂ ಕೆಡದಂತೆ ಕಳಿಸುತ್ತೇವೆ.